ವೆನ್ ಆಂಟಿಯ ಕೊನೆಯ ಗೆರೆ

ಶಿವಪ್ರಸಾದ ಕ್ಯಾಮೆರಾ ಆನ್ ಮಾಡಿದ ಕೂಡಲೇ ಪರದೆಯ ಮೇಲಿನ ಅಷ್ಟೂ ಮುಖಗಳು ಮಾತು ನಿಲ್ಲಿಸಿದವು. ಟೆಕ್ಸಾಸಿನಲ್ಲಿ ಕೂತ ಡೈರೆಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು, "ಶಿವಾ, ಆರ್ ಯು ಓಕೆ?" ಎಂದಳು. ದನಿಯಲ್ಲಿ ಕಾಳಜಿಗಿಂತ ಭಯ ಜಾಸ್ತಿಯಿತ್ತು.

ಅವನು ಪರದೆಯ ಮೂಲೆಯಲ್ಲಿದ್ದ ತನ್ನ ಮುಖ ನೋಡಿಕೊಂಡ. ಎರಡೂ ಕಣ್ಣಿನ ಮೇಲೆ, ಹುಬ್ಬಿನಿಂದ ಕೆನ್ನೆಯವರೆಗೆ, ಕರಿಮಸಿ. ದಾವಣಗೆರೆಯಲ್ಲಿ ಕಟ್ಟುತ್ತಿರುವ ಮನೆಗಳ ಮುಂದೆ ನೇತುಹಾಕುವ ದೃಷ್ಟಿಬೊಂಬೆಯೊಂದು ಹೆಡ್‌ಸೆಟ್ ಹಾಕಿಕೊಂಡು ಶನಿವಾರದ ಸಾಫ್ಟ್‌ವೇರ್ ರಿಲೀಸಿನ ಸ್ಥಿತಿಗತಿ ಹೇಳಲು ಕೂತಂತಿತ್ತು. ಮುಟ್ಟಿ ನೋಡಿಕೊಂಡ, ಇನ್ನಷ್ಟು ಹರಡಿತು. ಆಗ ಅವನಿಗೆ ತಾನು ಈಗಷ್ಟೇ ಏನು ಮಾಡಿಬಿಟ್ಟೆ ಎಂಬುದು ಹೊಳೆಯಿತು. "ಒನ್ ಮಿನಿಟ್" ಎಂದು ಕ್ಯಾಮೆರಾ ಆರಿಸಿ ಹಿಂದಕ್ಕೆ ತಿರುಗಿ ನೆಲ ನೋಡಿದ.

ನಡೆದದ್ದು ಇಷ್ಟು. ನ್ಯೂ ಜೆರ್ಸಿಯ ಮೆಟುಚೆನ್ ಊರಿನ ಆ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಬದಿಗೆ ಅವನ ಆಫೀಸಿನ ಮೇಜು, ಇನ್ನೊಂದು ಬದಿಗೆ ನೆಲದ ಮೇಲೆ ಪಕ್ಕದ ಮನೆಯ ವೆನ್ ಆಂಟಿಯ ಕಾಗದ. ಚಾಪೆಯಷ್ಟು ದೊಡ್ಡ ಬಿಳಿ ಕಾಗದ, ಅದರಡಿ ಉಣ್ಣೆಯ ಹಾಸು, ನಾಲ್ಕು ಮೂಲೆಗೆ ಅವನ ಹೆಂಡತಿ ಸ್ಮಿತಾ ಇಟ್ಟ ಹಿತ್ತಾಳೆಯ ಚೊಂಬುಗಳು. ಚೊಂಬಿನಿಂದಾಚೆ ಯಾರೂ ಕಾಲಿಡಬಾರದು ಎಂಬುದು ಕಾನೂನು. ಆದರೆ ಶಿವಪ್ರಸಾದನಿಗೆ ಹೆಡ್‌ಸೆಟ್ಟಿನಲ್ಲಿ ಮಾತಾಡುತ್ತ ಶತಪಥ ಹಾಕುವ ರೂಢಿ. ಹಾಗೆ ಹಿಂದಹಿಂದಕ್ಕೆ ನಡೆಯುತ್ತ ಕಾಗದದ ಅಂಚು ತುಳಿದ. ಅಷ್ಟಕ್ಕೇ ಮುಗಿದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾಲುಚೀಲದ ಗುರುತು ಮೂಡಿರಲಿಲ್ಲ. ಆದರೆ ಕಾಗದಕ್ಕೆ ಕಾಲು ತಾಕಿತಲ್ಲ! ಪುಸ್ತಕ ತುಳಿದರೆ ಏನು ಮಾಡಬೇಕೆಂದು ಅಜ್ಜಿ ಕಿವಿ ಹಿಂಡಿ ಕಲಿಸಿದ್ದಳು. ಅಮೆರಿಕದ ಇಪ್ಪತ್ತು ವರ್ಷದಲ್ಲಿ ಅವನ ಪಾಸ್‌ಪೋರ್ಟು ಬದಲಾಗಿತ್ತು, ಅದೊಂದು ಬದಲಾಗಿರಲಿಲ್ಲ. ಕಿವಿ ಬಜೆಟ್ಟಿನ ಮಾತು ಕೇಳುತ್ತಿದ್ದ ಹಾಗೇ ಸೊಂಟ ತಾನಾಗಿ ಬಗ್ಗಿತು. ಬಲಗೈಯ ಮೂರು ಬೆರಳು ಕಾಗದ ಮುಟ್ಟಿ, ಒಂದಾದ ಮೇಲೊಂದು ಎರಡೂ ಕಣ್ಣಿಗೆ ಒತ್ತಿಕೊಂಡವು. ವೆನ್ ಆಂಟಿ ಆ ದಿನದ ಗೆರೆ ಎಳೆದು, ಸ್ಮಿತಾಳ ಜೊತೆ ಚಹಾ ಕುಡಿಯಲು ಆಗಷ್ಟೇ ಮೇಲೆ ಹೋಗಿದ್ದರು. ಮಸಿ ಹಸಿಯಾಗಿತ್ತು.

ಈಗ ಕಾಗದದ ಬಲತುದಿಯಲ್ಲಿ, ಗೆರೆಯಿಂದ ಹೊರಟ ಮೂರು ಬಾಲಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಹೋದ ಡಿಸೆಂಬರಿನಿಂದ ಆ ಕಾಗದಕ್ಕೆ ಕುಂಚ ಬಿಟ್ಟು ಬೇರೇನೂ ತಾಕಿರಲಿಲ್ಲ.

ವೆನ್ ಆಂಟಿಯ ಪೂರ್ತಿ ಹೆಸರು ವೆನ್ ಸೂಯುನ್. ಆ ಬೀದಿಯಲ್ಲಿ ಆಂಟಿ ಎಂಬ ಪಟ್ಟ ಇಂಡಿಯದವರಿಗೇ ಮೀಸಲು; ಶಿವಪ್ರಸಾದನ ಮಗಳು ಜಾನ್ವಿ ಚಿಕ್ಕವಳಿದ್ದಾಗ ಅದನ್ನು ಬೇಲಿ ದಾಟಿಸಿ ಅವರಿಗೂ ಕೊಟ್ಟುಬಿಟ್ಟಿದ್ದಳು. ವಯಸ್ಸು ಎಪ್ಪತ್ತರ ಹೊಸ್ತಿಲು. ಗಿಡ್ಡ ಕೂದಲು, ಬೂದುಬಣ್ಣದ ಸ್ವೆಟರು, ಒಂದು ಪದವೂ ಹೆಚ್ಚಿಲ್ಲದ ಇಂಗ್ಲಿಷು. ಚೀನಾದ ಹಾಂಗ್‌ಝೌ ಊರಿನಲ್ಲಿ ಹುಟ್ಟಿ, ನಮ್ಮ ಮಕ್ಕಳು ಸ್ಲೇಟಿನ ಮೇಲೆ ಅ ಆ ತಿದ್ದಿದ ಹಾಗೆ ತಂದೆಯ ಕಣ್ಣೆದುರು ಕುಂಚದಲ್ಲಿ ಹಳೆಯ ಗುರುಗಳ ಅಕ್ಷರ ತಿದ್ದಿ ಬೆಳೆದವರು. ನಮ್ಮ ಮಕ್ಕಳು ಒಂದು ವರ್ಷ ತಿದ್ದುತ್ತಾರೆ, ಇವರು ಹದಿನೈದು ವರ್ಷ ತಿದ್ದಿದರು. ಆಮೇಲೆ ಗಣಿತ ಓದಲು ನ್ಯೂ ಜೆರ್ಸಿಗೆ ಬಂದು, ನ್ಯೂಅರ್ಕಿನ ವಿಮಾ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಯಾವ ವಯಸ್ಸಿನವರು ಇನ್ನೆಷ್ಟು ವರ್ಷ ಬದುಕುತ್ತಾರೆಂದು ಲೆಕ್ಕ ಹಾಕುವುದೇ ಕೆಲಸ. "ಬ್ಯಾಸರ ಆಗ್ತಿರಲಿಲ್ಲೇನು?" ಎಂದು ಸ್ಮಿತಾ ತನ್ನ ಧಾರವಾಡದ ಕಳಕಳಿಯನ್ನು ಇಂಗ್ಲಿಷಿಗೆ ತಿರುಗಿಸಿ ಕೇಳಿದಾಗ ಅವರು ಕೊಟ್ಟ ಉತ್ತರ: "ಇಲ್ಲ. ಜನ ಸಮಯಕ್ಕೆ ಸರಿಯಾಗಿ ಸಾಯುತ್ತಿದ್ದರು."

ನಿವೃತ್ತಿಯಾದ ಮೇಲೆ ಮತ್ತೆ ಕುಂಚ ಹಿಡಿದರು. ಆದರೆ ಅಪ್ಪ ಕಲಿಸಿದ ಹಾಗಲ್ಲ. ಶಿವಪ್ರಸಾದ ಈ ಮನೆ ಕೊಂಡ ಬೇಸಿಗೆಯಲ್ಲಿ ಅವರು ಬಕೆಟ್ಟಿನಲ್ಲಿ ನೀರು ತಂದು, ಪೊರಕೆಯಷ್ಟು ದಪ್ಪದ ಕುಂಚ ಅದ್ದಿ, ತಮ್ಮ ಡ್ರೈವ್‌ವೇ ಮೇಲೆ ಬರೆಯುತ್ತಿದ್ದರು. ಜುಲೈ ಬಿಸಿಲಿಗೆ ಕೊನೆಯ ಅಕ್ಷರ ಮುಗಿಯುವಷ್ಟರಲ್ಲಿ ಮೊದಲನೆಯದು ಆರಿ ಹೋಗಿರುತ್ತಿತ್ತು. ಮುದುಕಿ ಕಾರು ನಿಲ್ಲಿಸುವ ಜಾಗ ತೊಳೆಯುತ್ತಿದ್ದಾಳೆ, ಕೈಲಾಗುವುದಿಲ್ಲ ಪಾಪ, ಎಂದುಕೊಂಡು ಇವನು ಹೋಸ್ ಪೈಪ್ ಎಳೆದುಕೊಂಡು ಸಹಾಯಕ್ಕೆ ಹೋದ. ಬರಹವೆಂದು ತಿಳಿದ ಮೇಲೆ, "ಏನು ಬರೆದಿದ್ದಿರಿ?" ಎಂದ. ಅವರು ಒಣಗಿದ ಸಿಮೆಂಟು ನೋಡಿ, "ನೀವು ತಡವಾಗಿ ಬಂದಿರಿ" ಎಂದರು.

ಗಂಡ ಟಾಂಗ್ ಇನ್ನೊಂದು ತರಹದವರು. ಹೈಸ್ಕೂಲಿನಲ್ಲಿ ವ್ಯಾಯಾಮದ ಮೇಷ್ಟ್ರು, ದೊಡ್ಡ ನಗು, ದೊಡ್ಡ ಹೊಟ್ಟೆ. ಅವರ ಕಡೆ ಚಳಿಗಾಲ ಎಣಿಸುವ ಒಂದು ಹಳೆಯ ಪದ್ಧತಿಯಿದೆಯಂತೆ. ವರ್ಷದ ಅತಿ ಚಿಕ್ಕ ಹಗಲಿನಿಂದ ಶುರುಮಾಡಿ, ಒಂಬತ್ತು ಗೆರೆಗಳ ಒಂಬತ್ತು ಅಕ್ಷರಗಳನ್ನು ದಿನಕ್ಕೆ ಒಂದೇ ಗೆರೆಯಂತೆ ತುಂಬುತ್ತ ಹೋಗುವುದು; ಎಂಬತ್ತೊಂದನೆಯ ಗೆರೆಗೆ ವಸಂತ ಬಂತು ಎಂದು ಲೆಕ್ಕ. ಟಾಂಗ್ ಅಚ್ಚುಹಾಕಿದ ಹಾಳೆಯೊಂದನ್ನು ಫ್ರಿಜ್ಜಿಗೆ ಅಂಟಿಸಿ ಕೆಂಪು ಪೆನ್ನಿನಲ್ಲಿ ತುಂಬುತ್ತಿದ್ದರು. ವಾರಗಟ್ಟಲೆ ಮರೆತು, ನೆನಪಾದ ದಿನ ನಿಂತ ನಿಲುವಿನಲ್ಲಿ ಏಳು ಗೆರೆ ಗೀಚಿ ಮುಗಿಸುತ್ತಿದ್ದರು. "ಇದು ಮೋಸ" ಎಂದು ಹೆಂಡತಿ ರೇಗುತ್ತಿದ್ದರು. "ಚಳಿಗಾಲವೇನು ಕಂಪ್ಲೇಂಟ್ ಕೊಡುತ್ತದೆಯೇ?" ಎಂದು ಗಂಡ ನಗುತ್ತಿದ್ದರು. ಆ ನಗು ಬೇಲಿಯಾಚೆಗೂ ಕೇಳುತ್ತಿತ್ತು. ಒಂದು ವರ್ಷ ಹಾಳೆ ಅರ್ಧ ತುಂಬಿರುವಾಗ ಟಾಂಗ್ ತೀರಿಕೊಂಡರು. ಹಾಳೆ ಹಾಗೇ ಫ್ರಿಜ್ಜಿನ ಮೇಲೆ ಉಳಿಯಿತು.

ಮುಂದಿನ ಚಳಿಗಾಲದಲ್ಲಿ ವೆನ್ ಆಂಟಿ ತಮ್ಮ ರೀತಿಯಲ್ಲಿ ಶುರುಮಾಡಿದರು. ಒಂಬತ್ತು ಅಕ್ಷರಗಳನ್ನು ಪಕ್ಕಪಕ್ಕ ಬರೆಯದೆ, ಒಂದೇ ಜಾಗದಲ್ಲಿ ಒಂದರ ಮೇಲೊಂದು ಬರೆಯುವುದು. ಕೊನೆಗೆ ಯಾರಿಗೂ ಓದಲಾಗದು. ಮೂರು ನಿಯಮ. ದಿನ ತಪ್ಪಿಸಬಾರದು. ಹಗಲ ಬೆಳಕಿನಲ್ಲೇ ಬರೆಯಬೇಕು, ದೀಪ ಕೂಡದು. ಕುಂಚ ಬಿಟ್ಟು ಬೇರೇನೂ ಕಾಗದಕ್ಕೆ ತಾಕಬಾರದು. ಕೈ ಗಾಳಿಯಲ್ಲೇ ನಿಲ್ಲಬೇಕು. ಇವುಗಳ ಮೇಲೆ ಒಂದು ಲೆಕ್ಕ: ಚಿಕ್ಕ ಹಗಲಿನಿಂದ ಈಚೆಗೆ ಹಗಲು ಎಷ್ಟು ನಿಮಿಷ ಬೆಳೆಯಿತೋ ಗೆರೆ ಅಷ್ಟು ಸೆಕೆಂಡು ನಿಧಾನವಾಗಬೇಕು. ಡಿಸೆಂಬರಿನ ಗೆರೆ ಒಂದು ಉಸಿರಿನಲ್ಲಿ ಮುಗಿಯುತ್ತದೆ. ಅವಸರಕ್ಕೆ ಮಸಿ ಸಾಲದೆ ನಡುವೆ ಬಿಳಿ ಬಿಳಿ ಗೀರು ಉಳಿಯುತ್ತದೆ. ಮಾರ್ಚಿನ ಗೆರೆ ಗೇಣುದ್ದ ಸಾಗಲು ಎರಡೂವರೆ ನಿಮಿಷ ತೆಗೆದುಕೊಳ್ಳುತ್ತದೆ. ಆ ಕಾಗದವೋ ಮಸಿ ಕುಡಿಯುವ ಕಾಗದ, ಕುಂಚ ಒಂದು ಚಣ ನಿಂತರೂ ಅಲ್ಲೇ ಕೊಳದಂತೆ ಹರಡಿಬಿಡುತ್ತದೆ. ಎಲ್ಲಿ ಓಡಿದೆ, ಎಲ್ಲಿ ತಡೆದೆ ಎಂಬುದನ್ನೆಲ್ಲ ಕಾಗದ ನೆನಪಿಟ್ಟುಕೊಳ್ಳುತ್ತದೆ. ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಹೋದ ಸ್ಮಿತಾ, "ನಮ್ಮಲ್ಲಿ ಇವತ್ತಿಂದ ಹಗಲು ಬೆಳೀತದ" ಎಂದಾಗ ಆಂಟಿ ಕೊಬ್ಬರಿ ಅಗಿಯುತ್ತ, "ಮೂರು ವಾರ ತಡವಾಗಿ ಗೊತ್ತಾಗಿದೆ ನಿಮಗೆ" ಎಂದಿದ್ದರು.

ಮೊದಲ ವರ್ಷ ಜ್ವರ ಬಂದು ಒಂದು ದಿನ ತಪ್ಪಿತು. ಅವರು ಕಾಗದವನ್ನು ಹರಿದುಹಾಕಿದರು. ಎರಡನೆಯ ವರ್ಷ ಅವರ ಬೇಸ್‌ಮೆಂಟಿಗೆ ನೀರು ನುಗ್ಗಿತು. ಇದು ಮೂರನೆಯದು. ಗೋಡೆ ಇನ್ನೂ ಹಸಿ ಎಂದು ಸ್ಮಿತಾಳೇ, "ನಮ್ಮ ಬೇಸ್‌ಮೆಂಟಿನ್ಯಾಗ ಬರೀರಿ, ಇವರೊಬ್ಬರ ಮೀಟಿಂಗ್ ಗದ್ದಲ ಬಿಟ್ಟರ ಏನೂ ತ್ರಾಸಿಲ್ಲ" ಎಂದು ಕರೆದಿದ್ದಳು. ಆದರೆ ಈ ಸಲ ಅವರ ಬಲಗೈಗೆ ನಡುಕ ಶುರುವಾಗಿತ್ತು. ಡಾಕ್ಟರು ನರದ ಕಾಯಿಲೆಯ ಹೆಸರೊಂದನ್ನು ಹೇಳಿದ್ದರು. "ಮುಂದಿನ ಚಳಿಗಾಲಕ್ಕೆ ಈ ಕೈ ನನ್ನ ಮಾತು ಕೇಳುವ ಸಾಧ್ಯತೆ ಶೇಕಡ ಮೂವತ್ತು" ಎಂದು ಅವರು ಹವಾಮಾನ ಹೇಳುವಂತೆ ಹೇಳಿದ್ದರು. ಗೆರೆಗಳು ನಿಧಾನವಾದಷ್ಟೂ ನಡುಕ ಎದ್ದು ಕಾಣುತ್ತಿತ್ತು. ಅತಿ ನಿಧಾನದ ಗೆರೆ ಕೊನೆಯದು. ಅದಕ್ಕಿನ್ನು ಉಳಿದಿದ್ದದ್ದು ಬುಧವಾರದವರೆಗಿನ ಸಮಯ. ಗುರುವಾರ ಕಾಗದವನ್ನು ಪ್ರದರ್ಶನಕ್ಕೆ ಒಯ್ಯಲು ಹ್ಯಾರಿಸನ್ ಊರಿನ ಪುಟ್ಟ ಗ್ಯಾಲರಿಯೊಂದರಿಂದ ವ್ಯಾನು ಬರುವುದಿತ್ತು.

ಇಂಥ ಕಾಗದದ ಮೇಲೆ ಶಿವಪ್ರಸಾದ ತನ್ನ ಭಕ್ತಿ ತೋರಿಸಿದ್ದ.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಮೊದಲು ಇಳಿದವಳು ಸ್ಮಿತಾ. "ಅಯ್ಯ ಶಿವನ! ಏನ್ರೀ ಇದು ಮಾರಿ? ಬಯಲಾಟಕ್ಕ ಹೊಂಟೀರೇನು?" ಎಂದು ನಗಲು ಶುರುಮಾಡಿದವಳು ಗಂಡನ ಬೆರಳು ನೋಡಿದಳು, ಆಮೇಲೆ ನೆಲ ನೋಡಿದಳು.

ಹಿಂದೆಯೇ ಬಂದ ವೆನ್ ಆಂಟಿ ಚೊಂಬಿನ ಪಕ್ಕ ನಿಂತು ಬಗ್ಗಿ ನೋಡಿದರು. ಬಲಗೈ ಸ್ವೆಟರಿನ ಜೇಬಿನಲ್ಲಿತ್ತು. ಜೇಬು ಸಣ್ಣಗೆ ಅದುರುತ್ತಿತ್ತು.

"ತುಳಿದಿರಾ?"

"ಹೌದು. ಐ ಆಮ್ ಸೋ ಸಾರಿ. ಕಾಲ್‌ನಲ್ಲಿದ್ದೆ, ಗೊತ್ತಾಗಲಿಲ್ಲ..."

"ತುಳಿದದ್ದು ಕಾಲು. ಇದು ಬೆರಳು."

"ಕಾಲು ತಾಕಿತಲ್ಲ, ಅದಕ್ಕೆ. ನಮ್ಮಲ್ಲಿ ಕಾಗದ ಅಂದರೆ ವಿದ್ಯೆ. ದೇವರ ಹಾಗೆ. ತುಳಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಕ್ಷಮೆ ಕೇಳುವುದಕ್ಕೆ."

"ಯಾರನ್ನು?"

"ಕಾಗದವನ್ನು."

ಆಂಟಿ ಅವನ ಕಪ್ಪು ಕಣ್ಣುಗಳನ್ನೇ ನೋಡಿದರು. "ಕಾಗದ ಏನೆಂದಿತು?"

ಅಷ್ಟರಲ್ಲಿ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್, "ಶಿವಾ, ಯು ದೇರ್?" ಎಂದು ಕೂಗಿತು. ಆಂಟಿ ಕುಂಚ ತೊಳೆದರು, ಮಸಿ ಅರೆಯುವ ಕಲ್ಲು ಮುಚ್ಚಿದರು, ಮೆಟ್ಟಿಲು ಹತ್ತಿದರು. "ನಾಳೆ ಬರ್ತೀರಲ್ಲ?" ಎಂದು ಸ್ಮಿತಾ ಬಾಗಿಲ ತನಕ ಹೋಗಿ ಕೇಳಿದಳು. ಆಂಟಿ ಬೂಟು ಹಾಕಿಕೊಂಡು ಹೊರಟುಹೋದರು.

"ಹರದು ಹಾಕ್ತಾರ ನೋಡ್ರಿ" ಎಂದಳು ಸ್ಮಿತಾ. "ಒಂದು ದಿನ ತಪ್ಪಿದ್ದಕ್ಕ ಹರದಾಕಿ ಅಕಿ. ಮೂರು ಬೆರಳಿನ ಗುರುತಿಗೆ ಬಿಡ್ತಾಳೇನು? ಮತ್ತ ಮುಂದಿನ ವರ್ಷ ಆ ಕೈ ಏಳ್ತದೋ ಇಲ್ಲೋ. ಹೊರಗ ದೇವ್ರಿಗೆ ಕೈ ಮುಗೀರಿ ಅಂದ್ರ ಫೋನ್ ನೋಡ್ಕೋತ ನಿಲ್ತೀರಿ. ಇವತ್ತೇ ಉಕ್ಕಿ ಬಂತು ನೋಡ್ರಿ ಭಕ್ತಿ!"

"ಅಲ್ಲಮ್ಮ, ಬೇಕಂತ ಮಾಡಿದ್ನಾ? ಕೈ ತಾನೇ ಹೋಯ್ತು."

"ಕೈ ತಾನೇ ಹೋಗೂದು ಅವರಿಗೆ ರೋಗ. ನಿಮಗೇನಾಗೇದ?"

ಶಿವಪ್ರಸಾದ ವೃತ್ತಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಯಾವ ಅನಾಹುತಕ್ಕೂ ಒಂದು ಪರಿಹಾರ ಯೋಜನೆ ಇರಲೇಬೇಕೆಂಬುದು ಅವನ ನಂಬಿಕೆ. ಭಾನುವಾರ ಬೆಳಗ್ಗೆ ಎದ್ದವನೇ ಮಸಿಕಲೆ ತೆಗೆಯುವ ವಿಡಿಯೋಗಳನ್ನು ನೋಡಿದ. ಹಾಲು ಎಂದು ಒಬ್ಬ, ನಿಂಬೆರಸ ಎಂದು ಇನ್ನೊಬ್ಬ, ಅಕ್ಕಿಹಿಟ್ಟು ಉದುರಿಸಿ ಇಸ್ತ್ರಿ ಮಾಡಿ ಎಂದು ಮತ್ತೊಬ್ಬ. ಇವನು ಅಕ್ಕಿಹಿಟ್ಟಿನ ಡಬ್ಬಿ ಕೈಗೆತ್ತಿಕೊಳ್ಳುವುದಕ್ಕೂ ಜಾನ್ವಿ ಅಡುಗೆಮನೆಗೆ ಬರುವುದಕ್ಕೂ ಸರಿಹೋಯಿತು.

"ಅಪ್ಪಾ. ಪುಟ್ ಇಟ್ ಡೌನ್."

"ಸುಮ್ನೆ ಒಂದು ಮೂಲೆಲಿ ಟ್ರೈ ಮಾಡಿ..."

"ಯು ಟಚ್ ದಟ್ ಪೇಪರ್ ಅಗೇನ್, ಐ ವಿಲ್ ಟೆಲ್ ವೆನ್ ಆಂಟಿ ಮೈಸೆಲ್ಫ್."

ಅವನು ಡಬ್ಬಿಯನ್ನು ಒಳಗಿಟ್ಟ.

ಆಂಟಿ ಬರುತ್ತಿದ್ದದ್ದು ನಾಲ್ಕು ಗಂಟೆಗೆ. ಆ ಹೊತ್ತಿಗೆ ಬಿಸಿಲು ಬೇಸ್‌ಮೆಂಟಿನ ಒಂದೇ ಒಂದು ಕಿಟಕಿಯಿಂದ, ಹೊರಗಿನ ಹುಲ್ಲಿನ ಮಟ್ಟಕ್ಕಿರುವ ಆ ಉದ್ದನೆಯ ಗಾಜಿನಿಂದ, ನೇರ ಕಾಗದದ ಮೇಲೆ ಬೀಳುತ್ತಿತ್ತು. ಮೂರೂವರೆಯಿಂದಲೇ ಗಂಡಹೆಂಡತಿ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಪಕ್ಕದ ಮನೆಯ ಬಾಗಿಲು ಕಾದರು. ನಾಲ್ಕಾಯಿತು. ಬಾಗಿಲು ತೆರೆಯಲಿಲ್ಲ. ನಾಲ್ಕೂ ಕಾಲು. ಸ್ಮಿತಾ ಫೋನ್ ಮಾಡಿದಳು, ಎತ್ತಲಿಲ್ಲ. ನಾಲ್ಕೂವರೆ. ಚಹಾ ಆರಿತು. "ಹೋಗಿ ಕಾಲು ಹಿಡೀರಿ" ಎಂದಳು ಸ್ಮಿತಾ. "ಕಾಲು ಹಿಡಿದು ಮತ್ತೆ ಕಣ್ಣಿಗೆ ಒತ್ತಿಕೊಳ್ಳಬೇಕಾಗುತ್ತದೆ" ಎಂದು ಇವನು ತಮಾಷೆಗೆ ಹೋಗಿ, ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಒಂದು ದಿನ ತಪ್ಪಿತೆಂದರೆ ಆಯಿತು. ಆಮೇಲೆ ಬೆರಳಿನ ಗುರುತಿನ ಮಾತೇ ಇಲ್ಲ. ಒಂದು ಮುದಿ ಜೀವದ ಮೂರು ಚಳಿಗಾಲಕ್ಕೆ ತಾನು ಮುಳುವಾದೆನಲ್ಲ ಎಂದು ಜಾಕೆಟ್ ಹಾಕಿಕೊಂಡು ಹೊರಡಲು ಬಾಗಿಲು ತೆಗೆದರೆ, ಎದುರಿಗೆ ಆಂಟಿ. ಗಂಟೆ ಐದು.

"ಆಂಟೀ, ನಾಲ್ಕಕ್ಕೆ ಬರಲಿಲ್ಲ!"

"ಈಗ ನಾಲ್ಕು" ಎಂದರು ಅವರು ಬೂಟು ಕಳಚುತ್ತ. "ನಿನ್ನೆ ರಾತ್ರಿ ಗಡಿಯಾರ ಮುಂದಕ್ಕೆ ತಿರುಗಿಸಿದಿರಿ ನೀವೆಲ್ಲ. ಸೂರ್ಯನಿಗೆ ನೋಟಿಸು ಹೋಗಿಲ್ಲ."

ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಒಂದು ಗಂಟೆ ಮುಂದಕ್ಕೆ ಜಿಗಿಯುವ ಭಾನುವಾರ ಅದು. ಕ್ಯಾಲೆಂಡರನ್ನೇ ಅರೆದು ಕುಡಿದವನೆಂದುಕೊಂಡಿದ್ದ ಶಿವಪ್ರಸಾದನಿಗೆ ಅದೊಂದು ಮರೆತೇ ಹೋಗಿತ್ತು.

ಅವರು ಆ ದಿನದ ಗೆರೆ ಎಳೆದರು. ಬೆರಳಿನ ಗುರುತುಗಳ ಕಡೆ ನೋಡಿದರು ಕೂಡ. ಆದರೆ ಏನೂ ಹೇಳಲಿಲ್ಲ. ಸೋಮವಾರವೂ ಹೇಳಲಿಲ್ಲ. ಬೈದಿದ್ದರೆ ಶಿವಪ್ರಸಾದ ಸಮಾಧಾನದಿಂದ ಬೈಸಿಕೊಳ್ಳುತ್ತಿದ್ದ. ಅವನು ತನ್ನ ಆಫೀಸನ್ನು ಮಹಡಿಯ ಮೇಲೆ ಬಟ್ಟೆ ಒಗೆಯುವ ಕೋಣೆಗೆ ಸಾಗಿಸಿ, ವಾಷಿಂಗ್ ಮೆಷಿನ್ನಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅದು ಸುತ್ತುವಾಗ ತಾನೂ ಅದುರುತ್ತ ಮೀಟಿಂಗುಗಳನ್ನು ನಡೆಸಿದ.

ಮಂಗಳವಾರದ ಗೆರೆ ಕೆಟ್ಟದಾಗಿ ನಡುಗಿತು. ಆಂಟಿ ಕುಂಚ ಎತ್ತಿದ ಮೇಲೂ ಕೈ ನಿಲ್ಲಲಿಲ್ಲ. ಮಸಿಯ ಹನಿ ಬೀಳದಂತೆ ಎಡಗೈಯಿಂದ ಅದನ್ನು ಹಿಡಿದುಕೊಂಡು ಹಿಂದೆ ಸರಿದರು. ಮೆಟ್ಟಿಲ ಮೇಲೆ ಚಹಾದ ಲೋಟ ಹಿಡಿದು ನಿಂತಿದ್ದ ಶಿವಪ್ರಸಾದನಿಗೆ ಇನ್ನು ತಡೆಯಲಾಗಲಿಲ್ಲ.

"ಆಂಟೀ, ಹರಿದುಹಾಕ್ತೀರಾ?"

"ಮೂರು ನಿಯಮ ಇದ್ದವು. ಈಗ ಎರಡು" ಎಂದರು ಅವರು. "ಎರಡು ನಿಯಮದ ಕೆಲಸಕ್ಕೆ ಏನು ಹೆಸರೋ ನನಗೆ ಗೊತ್ತಿಲ್ಲ. ನಾಳೆಯ ಗೆರೆ ಸರಿಯಾಗಿ ಬಂದರೆ ಯೋಚಿಸುತ್ತೇನೆ. ಬರದಿದ್ದರೆ ಯೋಚಿಸುವುದೇನೂ ಇಲ್ಲ."

ಬುಧವಾರ ಬೆಳಗಿನಿಂದ ಹಿಮ ಬಿತ್ತು. ಮಾರ್ಚಿನಲ್ಲಿ ಬೀಳುವ, ಯಾರಿಗೂ ಬೇಡದ, ನೀರು ಕುಡಿದ ಹತ್ತಿಯಂಥ ಹಿಮ. ಮಧ್ಯಾಹ್ನ ಸ್ವಲ್ಪ ಬಿಟ್ಟಿತು, ಗಾಳಿ ಎದ್ದಿತು. ಐದಕ್ಕೆ ಬಂದ ಆಂಟಿ ಬೇಸ್‌ಮೆಂಟಿಗೆ ಇಳಿದವರು ಎರಡೇ ನಿಮಿಷಕ್ಕೆ ಮೆಟ್ಟಿಲ ಬುಡದಿಂದ, "ಬೆಳಕಿಲ್ಲ" ಎಂದರು.

ಮೂವರೂ ಇಳಿದು ನೋಡಿದರು. ಗಾಳಿ ಹಿಮವನ್ನೆಲ್ಲ ತಂದು ಮನೆಯ ಆ ಬದಿಗೇ ಒಟ್ಟಿತ್ತು. ಕಿಟಕಿ ಪೂರ್ತಿ ಮುಚ್ಚಿ ಬೇಸ್‌ಮೆಂಟು ಕತ್ತಲೆಯಾಗಿತ್ತು. ಜಾನ್ವಿ ಲೈಟಿನ ಸ್ವಿಚ್ಚಿಗೆ ಕೈ ಹಾಕಿ, ನಿಯಮ ನೆನಪಾಗಿ ಕೈ ಹಿಂದೆಗೆದುಕೊಂಡಳು. ಮೋಡದ ಹಿಂದೆ ಸೂರ್ಯ ಇಳಿಯುತ್ತಿದ್ದ.

"ಆಂಟಿ, ನೀವು ಮಸಿ ಅರೀರಿ" ಎಂದು ಶಿವಪ್ರಸಾದ ಮೇಲಕ್ಕೆ ಓಡಿದ. ಗ್ಯಾರೇಜಿನಿಂದ ಸಲಿಕೆ ತೆಗೆದು, ಪೈಜಾಮದ ಮೇಲೇ ಜಾಕೆಟ್ ತೊಟ್ಟು, ಮನೆ ಸುತ್ತಿ ಹೋಗಿ ಮೊಣಕಾಲ ಮಟ್ಟದ ಹಿಮದಲ್ಲಿ ಕಿಟಕಿ ಎಲ್ಲಿದೆಯೆಂದು ಹುಡುಕಿದ. ಎರಡು ಸಲ ಬರಿ ಗೋಡೆ ಸಿಕ್ಕಿತು. ಮೂರನೆಯ ಸಲ ಸಲಿಕೆ ಗಾಜಿಗೆ ತಾಕಿ ಟಣ್ ಎಂದಿತು. ಆಮೇಲೆ ಸಲಿಕೆ ಬಿಸಾಡಿ, ಗಾಜು ಒಡೆದೀತೆಂದು, ಎರಡೂ ಕೈಯಲ್ಲಿ ನಾಯಿಯಂತೆ ಗೆಬರಿದ. ಗಾಜು ಕಂಡಿತು. ಒಳಗೆ ಬೂದುಬಣ್ಣದ ಬೆಳಕು ಕಾಗದದ ಮೇಲೆ ಚೌಕವಾಗಿ ಬಿತ್ತು. ಸ್ಮಿತಾ, ಜಾನ್ವಿ ಮೇಲೆ ಹೋಗಿದ್ದರು. ಕೊನೆಯ ಗೆರೆಗೆ ಯಾರೂ ಇರುವುದು ಬೇಡವೆಂದು ಆಂಟಿ ಹೇಳಿರಬೇಕು. ಅವನು ಬಗ್ಗಿ ಇಣುಕಿದ. ಆಂಟಿ ತಲೆಯೆತ್ತಿ, ಕುಂಚದ ಹಿಡಿಯಿಂದ ಸನ್ನೆ ಮಾಡಿದರು: ಪಕ್ಕಕ್ಕೆ ಸರಿ, ನಿನ್ನ ತಲೆ ಅಡ್ಡ.

ಅವನು ಹಿಮದ ಮೇಲೆ ಬೋರಲಾಗಿ ಮಲಗಿ, ಒಂದೇ ಕಣ್ಣು ಗಾಜಿನ ಮೂಲೆಗೆ ಹಚ್ಚಿದ. ಉಸಿರು ಬಿಟ್ಟರೆ ಗಾಜು ಮಂಜಾಗುತ್ತಿತ್ತು. ಉಸಿರು ಹಿಡಿದ. ಗಾಳಿ ಬೀಸಿದಾಗಲೆಲ್ಲ ಹಿಮ ಗಾಜಿನ ಮೇಲೆ ಬಂದು ಕೂರುತ್ತಿತ್ತು, ಅವನು ತೋಳಿನಿಂದ ಒರೆಸುತ್ತಿದ್ದ. ಅಷ್ಟರಲ್ಲಿ ಜಾಕೆಟ್ಟಿನ ಜೇಬಿನಲ್ಲಿ ಫೋನು ಅದುರತೊಡಗಿತು. ಐದೂವರೆಯ ಕ್ಲೈಂಟ್ ಕಾಲ್. ಅದುರಲಿ ಎಂದು ಬಿಟ್ಟ.

ಒಳಗೆ ಕುಂಚ ಕಾಗದಕ್ಕೆ ಇಳಿಯಿತು.

ಎರಡೂವರೆ ನಿಮಿಷವೆಂದರೆ ಎಷ್ಟೆಂದು ಶಿವಪ್ರಸಾದನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೈಕ್ರೋವೇವಿನಲ್ಲಿ ಅನ್ನ ಬಿಸಿಯಾಗುವಷ್ಟು ಹೊತ್ತು ಎಂದುಕೊಂಡಿದ್ದ. ಕುಂಚ ಸಾಗುತ್ತಿದೆಯೋ ನಿಂತಿದೆಯೋ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಹಿಂದೆ ಉಳಿಯುವ ಕಪ್ಪು ಉದ್ದವಾಗುತ್ತಿತ್ತು, ಅಷ್ಟೇ. ಮೊದಲ ಬೆರಳುದ್ದ ನೆಟ್ಟಗೆ ಬಂತು. ಆಮೇಲೆ ಮೊಣಕೈ ನಡುಗಿತು. ನಡುಕ ಮಣಿಕಟ್ಟಿಗೆ ಇಳಿಯಿತು, ಅಲ್ಲಿಂದ ಕುಂಚಕ್ಕೆ. ಗೆರೆಯ ಅಂಚು ಗರಗಸದಂತಾಯಿತು. ಗಾಳಿಯಲ್ಲಿ ತೂಗುತ್ತಿದ್ದ ಆ ಕೈ ಈಗ ಕಾಗದಕ್ಕೆ ಹೊಡೆದು ಬಿಡುತ್ತದೆ, ಇಲ್ಲವೇ ಕುಂಚ ಮೇಲೇಳುತ್ತದೆ. ಎರಡರಲ್ಲಿ ಯಾವುದು ಆದರೂ ಅಲ್ಲಿಗೆ ಮುಗಿಯಿತು. ಆಂಟಿಯ ಮುಖದಲ್ಲಿ ಏನೂ ಇರಲಿಲ್ಲ. ಕುತ್ತಿಗೆಯ ನರ ಮಾತ್ರ ಹುರಿಯಂತೆ ಬಿಗಿದಿತ್ತು. ಕುಂಚ ನಿಂತಿತು. ಅದರ ಸುತ್ತ ಮಸಿ ಹರಡತೊಡಗಿತು, ಕಡಲೆಯಷ್ಟು, ನೆಲ್ಲಿಕಾಯಿಯಷ್ಟು. ಶಿವಪ್ರಸಾದ ಗಾಜಿನಾಚೆಯಿಂದ, ತನಗೇ ಕೇಳದ ಹಾಗೆ, "ನಡೀರಿ, ನಡೀರಿ, ನಡೀರಿ" ಎನ್ನುತ್ತಿದ್ದ.

ಆಂಟಿಯ ಕಣ್ಣು ಬಲತುದಿಗೆ ಹೋಯಿತು. ಅಲ್ಲಿ ಅವನ ಮೂರು ಬೆರಳುಗಳಿದ್ದವು.

ಅವರು ಎಡಗೈಯನ್ನು ನಿಧಾನವಾಗಿ ಮುಂದೆ ತಂದು, ಆ ಮೂರು ಗುರುತುಗಳ ಪಕ್ಕದಲ್ಲೇ, ಹರಡುತ್ತಿದ್ದ ಹಸಿ ಮಸಿಗೆ ತಾಗುವಂತೆ, ಅಂಗೈ ಊರಿ ಕಾಗದದ ಮೇಲಿಟ್ಟರು. ಅದರ ಮೇಲೆ ನಡುಗುವ ಬಲಮಣಿಕಟ್ಟನ್ನು ಇಳಿಸಿದರು, ದಣಿದ ಮಗುವನ್ನು ದಿಂಬಿನ ಮೇಲೆ ಮಲಗಿಸಿದಂತೆ. ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವಾಗ ಹೀಗೆ ಎಡಗೈಯ ಮೇಲೆ ಬಲಗೈ ಇಡಿಸುತ್ತಾರೆಂದು ಅವರು ಹಿಂದೊಮ್ಮೆ ಜಾನ್ವಿಗೆ ತೋರಿಸಿದ್ದರು. ದೊಡ್ಡವರು ಹಾಗೆ ಮಾಡಿದರೆ ನಾಚಿಕೆಗೇಡು ಎಂದೂ ಹೇಳಿದ್ದರು. ನಿಯಮ ಮುರಿಯದೇ ಇದ್ದಿದ್ದರೆ ಅವರ ಕೈ ಕಾಗದ ಮುಟ್ಟುತ್ತಿರಲಿಲ್ಲ, ಅದು ಖಂಡಿತ. ಅವರ ಬದಲಿಗೆ ಇನ್ನೊಬ್ಬ ಮುರಿದಿಟ್ಟಿದ್ದ.

ಕುಂಚ ಮತ್ತೆ ಹೊರಟಿತು. ನಡುಕವೇನೂ ಹೋಗಲಿಲ್ಲ, ಆದರೆ ಅದಕ್ಕೊಂದು ನೆಲ ಸಿಕ್ಕಿತ್ತು. ಗೆರೆ ಸಾಗಿ, ಕೊನೆಗೆ ಸಣ್ಣಗಾಗಿ, ಕಾಗದದಿಂದ ಬಿಟ್ಟುಕೊಂಡಿತು. ಆಂಟಿ ಹಾಗೇ ಕೂತರು, ಎಡಗೈ ಇನ್ನೂ ಕಾಗದದ ಮೇಲಿತ್ತು. ಆಮೇಲೆ ತಲೆಯೆತ್ತಿ ಕಿಟಕಿ ನೋಡಿದರು. ಹುಬ್ಬಿನ ಮೇಲೆಲ್ಲ ಹಿಮ ಕಟ್ಟಿದ ಒಂದು ಕಣ್ಣು ಅವರನ್ನೇ ನೋಡುತ್ತಿತ್ತು.

ಒಳಗೆ ಬಂದವನನ್ನು ಸ್ಮಿತಾ ಟವೆಲ್ಲಿನಲ್ಲಿ ಸುತ್ತಿ ಬೈದಳು. "ನ್ಯುಮೋನಿಯಾ ಬಂದ್ರ ನಾ ನೋಡಂಗಿಲ್ಲ ಮತ್ತ" ಎನ್ನುತ್ತಲೇ ಶುಂಠಿ ಜಜ್ಜಿದಳು. ವೆನ್ ಆಂಟಿ ಅಡುಗೆಮನೆಯ ಸಿಂಕಿನಲ್ಲಿ ಎಡಗೈ ತೊಳೆಯುತ್ತಿದ್ದರು; ಮಸಿ ಪೂರ್ತಿ ಹೋಗಲಿಲ್ಲ.

"ನಾಳೆ ವ್ಯಾನು?" ಎಂದು ಅವನು ಹಲ್ಲು ಕಟಕಟಿಸುತ್ತ ಕೇಳಿದ.

"ಬರುತ್ತದೆ" ಎಂದರು ಆಂಟಿ. ನಲ್ಲಿ ನಿಲ್ಲಿಸಿ, ಯಾರಿಗೆಂದಲ್ಲದೆ ಹೇಳಿದರು: "ಟಾಂಗ್ ಇದ್ದಿದ್ದರೆ ತುಂಬಾ ನಗುತ್ತಿದ್ದ."

ಏಪ್ರಿಲಿನಲ್ಲಿ ಹ್ಯಾರಿಸನ್ನಿನ ಆ ಗ್ಯಾಲರಿಗೆ ಶಿವಪ್ರಸಾದನ ಮನೆಯವರು ರೈಲಿನಲ್ಲಿ ಹೋದರು. ಹಿಂದೆ ಕಾರ್ಖಾನೆಯಾಗಿದ್ದ ಎತ್ತರದ ಕೋಣೆ, ಬಿಳಿ ಗೋಡೆ, ಚೀಸು, ದ್ರಾಕ್ಷಿ, ಕಪ್ಪು ಬಟ್ಟೆ ತೊಟ್ಟ ಜನ. ಸ್ಮಿತಾ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಇವನು ಹೊಸ ಬ್ಲೇಜರ್ ಹಾಕಿಕೊಂಡು, ಗೋಡೆಯ ಮೇಲಿನ ಕಾಗದದಿಂದ ಸುರಕ್ಷಿತ ದೂರದಲ್ಲಿ, ಕೈ ಎರಡನ್ನೂ ಜೇಬಿನಲ್ಲಿಟ್ಟುಕೊಂಡು ನಿಂತಿದ್ದ. ನಿಂತು ನೋಡಿದರೆ ಕಾಗದದ ನಡುವೆ ಕಾಡಿನಂಥ ಕಪ್ಪು. ಅಂಚಿಗೆ ಡಿಸೆಂಬರಿನ ಗೆರೆಗಳು ಓಡುತ್ತಿದ್ದವು, ಮೇಲ್ಗಡೆ ಮಾರ್ಚಿನವು ತೆವಳುತ್ತಿದ್ದವು. ಬಲತುದಿಯಲ್ಲಿ ಒಂದು ಪುಟ್ಟ ಅಂಗೈ, ಅದರ ಪಕ್ಕ ಮೂರು ದಪ್ಪ ಬೆರಳು.

ದುಂಡು ಕನ್ನಡಕದ ಒಬ್ಬ ಮನುಷ್ಯ, ನ್ಯೂಯಾರ್ಕಿನಿಂದ ಇದಕ್ಕಾಗಿಯೇ ಬಂದವನು, ಬಹಳ ಹೊತ್ತು ಆ ತುದಿಯನ್ನೇ ನೋಡಿ ತಲೆದೂಗಿದ. ಆಮೇಲೆ ವೆನ್ ಆಂಟಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ: ಅಂಗೈ ನಿಮ್ಮದೆಂದು ಗೊತ್ತಾಗುತ್ತದೆ, ಅದು ಕಾಲಕ್ಕೆ ಶರಣಾದ ದೇಹ. ಆದರೆ ಈ ಮೂರು ಗುರುತುಗಳಲ್ಲಿ ಏನೋ ದೊಡ್ಡ ತಳಮಳ ಇದೆ, ಪ್ರಾರ್ಥನೆಯ ಹಾಗೂ ಇದೆ. ಇದು ಯಾವುದರ ಸಂಕೇತ?

ಆಂಟಿ ಕಾಗದ ನೋಡಿದರು. ಕೋಣೆಯ ಆಚೆ ತುದಿಯಲ್ಲಿ ಜೇಬಿನಲ್ಲಿ ಕೈಯಿಟ್ಟು ನಿಂತ ಶಿವಪ್ರಸಾದನನ್ನು ನೋಡಿದರು.

"ಪಕ್ಕದ ಮನೆಯವನು" ಎಂದರು. "ಮೀಟಿಂಗಿನಲ್ಲಿದ್ದ."